ಗಾಳಿಯ ಜರಡಿ

ಹಂಸವು ನೀರನ್ನುಳಿದು ಹಾಲನ್ನು ಮಾತ್ರ ಗ್ರಹಿಸುವುದೆಂದು ಕವಿಗಳು ಹೇಳುವರು. ಗಾಳಿಯ ವಿಷಯದಲ್ಲಿ ಇಂಥದೊಂದು ಹಂಸವು ಕಾರ್ಖಾನೆಗಳಲ್ಲಿ ದಿಟವಾಗಿಯೂ ಇರುವುದೆಂದು ವಾಚಕರಿಗೆ ಅರಿಕೆಮಾಡುವೆವು.

ಒಣಗಾಳಿಯ ನೂರು ಪಾಲಿನಲ್ಲಿ ಸಾರಜನಕವು 78, ಆಮ್ಲಜನಕವು 21. ತಿಂಡಿಯ ಪೊಟ್ಟಣಗಳು ಕೆಡದಂತೆ ತುಂಬಲು ಸಾರಜನಕವೇ ಬೇಕು. ಅದಕ್ಕಾಗಿ ಗಾಳಿಯನ್ನು ಒತ್ತಿ, ಸೂಕ್ಷ್ಮರಂಧ್ರಗಳುಳ್ಳ ಇಂಗಾಲದ ಗುಳಿಗೆಗಳನ್ನು ತುಂಬಿದ ಉಕ್ಕಿನ ಪಾತ್ರೆಯೊಳಕ್ಕೆ ಹಾಯಿಸುವರು. ಮನೆಯ ಜರಡಿಯಲ್ಲಿ ಸಣ್ಣದು ಸೋರಿ ದಪ್ಪದು ಉಳಿಯುವುದು. ಇಲ್ಲಿಯಾದರೋ ತುಸು ಕಿರಿದಾದ ಆಮ್ಲಜನಕದ ಅಣುವೇ ಬೇಗನೆ ರಂಧ್ರವನ್ನು ಹೊಕ್ಕು ಸೆರೆಯಾಗುವುದು, ಸಾರಜನಕವು ಮುಂದೆ ಸಾಗುವುದು. ಒತ್ತಡವನ್ನು ಸಡಿಲಿಸಿದೊಡನೆ ಸೆರೆಯಾದುದು ಬಿಡುಗಡೆಹೊಂದುವುದು. ಒಂದು ಉಸಿರೆಳೆಯುವಾಗ ಇನ್ನೊಂದು ಉಸಿರುಬಿಡುವಂತೆ ಎರಡು ಪಾತ್ರೆಗಳು ಸರದಿಯಿಂದ ದುಡಿಯುವುವು.

ಹೀಗೆ ಬಿಡುಗಡೆಯಾದ ಆಮ್ಲಜನಕವು ಕಾರ್ಖಾನೆಗೆ ಬೇಡದ ವಸ್ತು. ಅದನ್ನು ಬಯಲಿಗೆ ಬಿಡುವರು. 2021ರ ಏಪ್ರಿಲ್ ತಿಂಗಳಲ್ಲಿ ಕೋವಿಡ್ ರೋಗಿಗಳು ಅದಿಲ್ಲದೆ ತೊಳಲಿದುದನ್ನು ನಾವಾರೂ ಮರೆಯಲಾರೆವು. ಆಗ ಮುಂಬಯಿಯ ಐ.ಐ.ಟಿ.ಯ ವಿದ್ವಾಂಸರು ಇಂಥದೇ ಯಂತ್ರವನ್ನು ತುಸು ತಿದ್ದಿ, ಇಂಗಾಲಕ್ಕೆ ಬದಲಾಗಿ ಸಾರಜನಕವನ್ನು ಹಿಡಿದಿಡುವ ಜಿಯೋಲೈಟನ್ನು ತುಂಬಿದರು. ಶೇಕಡ 93ರಿಂದ 96ರಷ್ಟು ಶುದ್ಧವಾದ ಆಮ್ಲಜನಕವು ಹೊರಬಂದಿತು.

ಕವಿಗಳ ಹಂಸವನ್ನು ನಾವು ಕಂಡವರಲ್ಲ. ಆ ಹೆಸರು ಈ ಯಂತ್ರಕ್ಕೆ ಸಲ್ಲತಕ್ಕುದೆಂದು ಮಾತ್ರ ನಮಗೆ ತೋರುವುದು.