ಹಾಡು ಕಟ್ಟಿದವಳ ಹೆಸರೆಲ್ಲಿ?

ಜನಪದ ಹಾಡು ಅಂದಕೂಡಲೇ ‘ಕರ್ತೃ ಯಾರೋ ಗೊತ್ತಿಲ್ಲ’ ಅಂತ ಬರೆದು ಕೈ ತೊಳೆದುಕೊಳ್ಳುವುದು ವಿದ್ವಾಂಸರ ಹಳೇ ಚಾಳಿ. ಪರೀಕ್ಷೆಯಲ್ಲಿ ನೀವೂ ಹಾಗೇ ಬರೆದಿರುತ್ತೀರಿ, ಗೆಳೆಯರೇ. ಕಟ್ಟಿದವರು ಇದ್ದೇ ಇರ್ತಾರೆ. ಅವರನ್ನು ಕೇಳುವ ಗೋಜಿಗೆ ಯಾರೂ ಹೋಗಿರುವುದಿಲ್ಲ, ಅಷ್ಟೆ. ಅಮೆರಿಕದ ಕಪ್ಪು ಜನಾಂಗದ ಹಾಡುಗಾರ್ತಿ ಎಲಿಜಬೆತ್ ಕಾಟನ್ ಬದುಕನ್ನೇ ನೋಡಿ.

ಹುಟ್ಟಿದ್ದು 1893ರಲ್ಲಿ, ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಹತ್ತಿರ. ಆಡುವ ವಯಸ್ಸಿಗೇ ಬಿಳಿಯರ ಮನೆಗೆಲಸ. ಬಂದ ಸಂಬಳದಲ್ಲಿ ಉಳಿಸಿ 3 ಡಾಲರ್ 75 ಸೆಂಟಿಗೆ ಗಿಟಾರ್ ಕೊಂಡಳು. ಹುಡುಗಿ ಎಡಚಿ. ಕಲಿಸಲು ಗುರು ಇಲ್ಲ. ತಂತಿಗಳನ್ನು ಬದಲಾಯಿಸದೆ ಗಿಟಾರನ್ನೇ ತಲೆಕೆಳಗು ಮಾಡಿ ಹಿಡಿದಳು. ಬೇರೆಯವರು ಬೆರಳಲ್ಲಿ ನುಡಿಸುವ ರಾಗ ಈಕೆಯ ಹೆಬ್ಬೆರಳಿಗೆ ಬಂತು, ಹೆಬ್ಬೆರಳಿನ ಮಂದ್ರ ಬೆರಳುಗಳಿಗೆ ಹೋಯಿತು. ಈಗ ಗಿಟಾರ್ ಕಲಿಯುವವರು ಆ ವರಸೆಯನ್ನು ಆಕೆಯ ಹೆಸರಿನಿಂದಲೇ ಕರೀತಾರೆ. ಗೂಡ್ಸ್ ರೈಲಿನ ಮೇಲೆ ‘ಫ್ರೈಟ್ ಟ್ರೇನ್’ ಅನ್ನೋ ಹಾಡು ಕಟ್ಟಿದ್ದೂ ಆ ಎಳೆ ವಯಸ್ಸಿನಲ್ಲೇ.

ಆಮೇಲೆ ಮದುವೆ, ಮಗು. ಇಂಥ ಲೌಕಿಕದ ಹಾಡು ಬಿಡು ಅಂದರು ಚರ್ಚಿನವರು. ದಶಕಗಳ ಕಾಲ ಗಿಟಾರ್ ಮುಟ್ಟಲಿಲ್ಲ. 1940ರ ದಶಕದಲ್ಲಿ ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಗಿರಾಕಿಗಳ ನಡುವೆ ಕಳೆದುಹೋಗಿದ್ದ ಪೆಗ್ಗಿ ಎಂಬ ಹುಡುಗಿಯನ್ನು ತಾಯಿಗೆ ಒಪ್ಪಿಸಿದಳು. ಅವರು ಸೀಗರ್ ಮನೆತನ, ಸಂಗೀತದವರು. ಅಲ್ಲೇ ಮನೆಗೆಲಸ ಸಿಕ್ಕಿತು. ಗೋಡೆಗೆ ನೇತುಹಾಕಿದ್ದ ಗಿಟಾರನ್ನು ಆಕೆ ಇಳಿಸಿ ನುಡಿಸಿದಾಗಲೇ ಅವರಿಗೆ ಗೊತ್ತಾದದ್ದು, ಅಡುಗೆಮನೆಯಲ್ಲಿ ಇರುವವಳು ಯಾರು ಅಂತ.

ಸೀಗರ್ ಮನೆಯವರು ಒಳ್ಳೆಯವರು, ನಾವು ಇಲ್ಲ ಅನ್ನುವುದಿಲ್ಲ. ಆ ಮನೆಯ ಮಗ ಮೈಕ್ ಮುತುವರ್ಜಿ ವಹಿಸಿದ್ದರಿಂದಲೇ 1958ರಲ್ಲಿ ಫೋಕ್‌ವೇಸ್ ಕಂಪನಿ ಆಕೆಯ ಮೊದಲ ರೆಕಾರ್ಡು ತಂದಿತು. ಆಗ ವಯಸ್ಸು ಅರವತ್ತೈದು. ಆದರೆ ಪೆಗ್ಗಿ ಕಳೆದುಹೋಗದೆ ಇದ್ದಿದ್ದರೆ? ಆಳಿನ ಪ್ರತಿಭೆ ಬೆಳಕಿಗೆ ಬರಬೇಕಾದರೆ ಧಣಿಗಳ ಮಗು ದಾರಿ ತಪ್ಪಬೇಕು ಅನ್ನುವುದಾದರೆ ಅದೆಂಥ ಸಮಾಜ?

ಅಷ್ಟರಲ್ಲಿ ಹಾಡು ಕಳುವಾಗಿತ್ತು. ಬೆಳೆದ ಪೆಗ್ಗಿ ಇಂಗ್ಲೆಂಡಿಗೆ ಹೋಗಿ ಅದನ್ನು ಹಾಡಿದ್ದಳು. ಅಲ್ಲಿನ ಇಬ್ಬರು ತಮ್ಮದೇ ರಚನೆ ಅಂತ ಹಕ್ಕು ಬರೆಸಿಕೊಂಡರು. 1957ರಲ್ಲಿ ಅಲ್ಲಿ ಹಾಡು ಮನೆಮಾತು. ಇಲ್ಲಿ ಕಟ್ಟಿದವಳು ಕಂಡವರ ಮನೆಗೆಲಸದಲ್ಲಿ. ತಕರಾರು ಎತ್ತಿದ ಮೇಲಷ್ಟೇ ಆಕೆಯ ಹೆಸರು ಹಾಡಿನ ಮೇಲೆ ಬಂದದ್ದು. ರಜೆಗೆ ಊರಿಗೆ ಹೋದಾಗ ಹಟ್ಟಿಯ ಅಜ್ಜಿಯರ ಹಾಡು ಬರೆದುಕೊಳ್ಳುವ ಗೆಳೆಯರು ಇದನ್ನು ಗಮನಿಸಬೇಕು. ನಾವು ಹೆಸರು ಬರೆಯದೆ ಬಿಟ್ಟ ಜಾಗದಲ್ಲಿ ಇನ್ಯಾರೋ ಬರ್ಕೊಳ್ತಾರೆ.

ರೆಕಾರ್ಡು ಬಂದ ಮೇಲೂ ಮನೆಗೆಲಸ ತಪ್ಪಲಿಲ್ಲ. ಹಾಡಿನ ದುಡ್ಡಲ್ಲಿ ಸಿರಾಕ್ಯೂಸ್ ಊರಿನಲ್ಲಿ ಸ್ವಂತ ಮನೆ ಮಾಡಿಕೊಳ್ಳುವ ಹೊತ್ತಿಗೆ ಎಂಬತ್ತು ದಾಟಿತ್ತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ, ತೊಂಬತ್ತೆರಡರ ಪ್ರಾಯದಲ್ಲಿ. ಎರಡು ವರ್ಷಕ್ಕೆ ತೀರಿಕೊಂಡಳು. ಸ್ವಂತ ಹಾಡು, ಸ್ವಂತ ವರಸೆ ಕಟ್ಟಿದ ಆ ಮುದುಕಿಗೆ ಪ್ರಶಸ್ತಿ ಕೊಟ್ಟದ್ದು ಯಾವ ವಿಭಾಗದಲ್ಲಿ ಗೊತ್ತೆ? ‘ಜನಾಂಗೀಯ ಅಥವಾ ಸಾಂಪ್ರದಾಯಿಕ ಜನಪದ’ ವಿಭಾಗದಲ್ಲಿ. ಸಂಪ್ರದಾಯವಂತೆ!