ಎಲೆಯ ಬೆನ್ನನ್ನು ನೋಡಿರಿ

ಫಾಲ್ಗುಣ ಕಳೆದು ಬಿಸಿಲು ಬಲಿಯುತ್ತಲೇ ಮನೆಯಂಗಳದ ಗಿಡಗಳಿಗೆ ನುಸಿಯ ಕಾಟ ಮೊದಲಾಗುವುದು. ಗುಲಾಬಿ, ಮಲ್ಲಿಗೆ, ಬದನೆ, ಬೆಂಡೆ, ಯಾವುದನ್ನೂ ಅದು ಬಿಡುವುದಿಲ್ಲ. ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆಮಾಡುವೆವು. ಇದು ನಮ್ಮ ತಪ್ಪಿನಿಂದಲೇ ನಾವು ಕಲಿತ ಪಾಠ.

ನಮ್ಮ ಹಿತ್ತಿಲಲ್ಲಿ ಮಲ್ಲಿಗೆಯ ಬಳ್ಳಿಯೊಂದಿದ್ದಿತು. ಮನೆಯಾಕೆ ತವರಿನಿಂದ ತಂದು ನೆಟ್ಟುದು. ಒಂದು ಬೇಸಗೆಯಲ್ಲಿ ಅದರ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿಯ ಚುಕ್ಕೆಗಳು ಕಾಣಿಸಿದುವು. ನೀರು ಸಾಲದೆಂದು ಬಗೆದು ಬುಡಕ್ಕೆ ಇನ್ನಷ್ಟು ನೀರೆರೆದೆವು. ಎಲೆಗಳು ಕಂದಿದುವು. ಬಳಿಕ ಅಂಗಡಿಯಿಂದ ಹುಳುವಿನ ಔಷಧವನ್ನು ತಂದು ಸಿಂಪಡಿಸಿದೆವು. ಕೆಲವೇ ದಿನಗಳಲ್ಲಿ ಬಳ್ಳಿಯ ತುಂಬ ನೂಲಿನಂತಹ ಬಲೆ ಹಬ್ಬಿತು. ಮೊದಲ ಮಳೆ ಬೀಳುವಷ್ಟರಲ್ಲಿ ಬಳ್ಳಿಯೇ ಒಣಗಿಹೋಯಿತು. ಆಕೆ ಒಂದು ಮಾತನ್ನೂ ಆಡಲಿಲ್ಲ. ನಮಗೆ ಅದೇ ಹೆಚ್ಚಿನ ಶಿಕ್ಷೆಯಾಯಿತು.

ನಾವು ಎಡವಿದುದೆಲ್ಲಿ? ಸಂಸ್ಕೃತದಲ್ಲಿ ದುಂಬಿಗೆ ಷಟ್ಪದವೆಂಬ ಹೆಸರುಂಟು. ಕೀಟಗಳಿಗೆ ಕಾಲು ಆರು. ಬೆಳೆದ ನುಸಿಗಾದರೋ ಎಂಟು. ಅದು ಕೀಟವಲ್ಲ, ಜೇಡನ ಬಳಗ. ಕೀಟಗಳನ್ನು ಕೊಲ್ಲುವ ಅನೇಕ ಔಷಧಗಳು ಅದಕ್ಕೆ ತಾಗುವುದಿಲ್ಲ. ಅದನ್ನು ತಿಂದು ಬದುಕುವ ಗುಲಗಂಜಿ ಹುಳು ಮೊದಲಾದ ಮಿತ್ರರನ್ನು ಮಾತ್ರ ಕೊಲ್ಲುವುವು. ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹೊಡೆದಂತಾಯಿತು ನಮ್ಮ ಕೆಲಸ.

ನುಸಿಯ ಬೀಡು ಎಲೆಯ ಬೆನ್ನು. ಅದರ ಗಾತ್ರ ಸುಮಾರು ಅರ್ಧ ಮಿಲಿಮೀಟರು. ಸಂದೇಹ ಬಂದರೆ ಎಲೆಯ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಮೆಲ್ಲನೆ ತಟ್ಟಿರಿ. ಬಿದ್ದ ಧೂಳಿನ ಕಣಗಳು ನಡೆದಾಡಿದರೆ ಅದೇ ನುಸಿ. ಹೆಚ್ಚು ಕೆಟ್ಟ ಎಲೆಗಳನ್ನು ಕಿತ್ತು ದೂರ ಹಾಕಿ, ಉಳಿದವುಗಳ ಬೆನ್ನಿಗೆ ತಾಗುವಂತೆ ತಣ್ಣೀರನ್ನು ರಭಸವಾಗಿ ಎರಚಿ ತೊಳೆಯಿರಿ. ಬಿಸಿಲುಗಾಲದಲ್ಲಿ ಮೊಟ್ಟೆಯು ಬೆಳೆದ ನುಸಿಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ಒಮ್ಮೆ ತೊಳೆದು ಕೈಬಿಟ್ಟರೆ ಫಲವಿಲ್ಲ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ತೊಳೆಯಬೇಕು.

ಇದರಿಂದಲೂ ಅಡಗದಿದ್ದರೆ 1 ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನೂ ಸ್ವಲ್ಪ ಸಾಬೂನಿನ ನೀರನ್ನೂ ಕದಡಿ, ಮೊದಲು ಒಂದೆರಡು ಎಲೆಗಳಿಗೆ ಹಚ್ಚಿ ಪರೀಕ್ಷಿಸಿ, ಸಂಜೆಯ ವೇಳೆ ಎಲೆಯ ಬೆನ್ನಿಗೆ ಸಿಂಪಡಿಸಿರಿ. ಉರಿಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುವುದು. ಹೊಸದಾಗಿ ತಂದ ಗಿಡವನ್ನು ಎರಡು ವಾರ ಬೇರೆಯಾಗಿಯೇ ಇರಿಸುವುದು ಲೇಸು.

ಹಿಂದೆ ನೆರೆಮನೆಯವರು ನಮ್ಮ ಬಳ್ಳಿಯ ಕಡ್ಡಿಯೊಂದನ್ನು ಒಯ್ದು ನೆಟ್ಟಿದ್ದರು. ಅದರ ಕಡ್ಡಿ ಈಗ ಮರಳಿ ನಮ್ಮ ಹಿತ್ತಿಲಿಗೆ ಬಂದು ಚಿಗುರಿದೆ. ದಿನವೂ ಬೆಳಗ್ಗೆ ಕನ್ನಡಕವನ್ನೇರಿಸಿಕೊಂಡು ಅದರ ಎಲೆಗಳನ್ನು ಮಗುಚಿ ನೋಡುವ ಕೆಲಸವನ್ನು ಮನೆಯಾಕೆ ನಮಗೇ ವಹಿಸಿದ್ದಾಳೆ.