ಎಡಕ್ಕೆ ಮಿಣುಕುತ್ತೆ, ಬಲಕ್ಕೆ ಯಾಕಿಲ್ಲ?

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮ ಒಂದೇ ಮಾತು ಹೇಳಿಬಿಟ್ರು: "ಆ ಕಾರಿಗೆ ನಾನಿನ್ನು ಹತ್ತಲ್ಲ. ಮಾರಿಬಿಡಿ."

ಆ ಕಾರು ಅಂದ್ರೆ ಅಪ್ಪನ 1986ರ ಪದ್ಮಿನಿ. ನನಗಿಂತ ಹಿರಿಯ. ಫಿಯೆಟ್ 1100ರ ವಂಶ, ಮುಂಬೈನ ಕುರ್ಲಾದಲ್ಲಿ ಹುಟ್ಟಿದ್ದು. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಸುದ್ದಿ ಓದಿ ಅಪ್ಪ ಎರಡು ದಿನ ಮಂಕಾಗಿದ್ದರು. ಅಂಥವರಿಗೆ 'ಮಾರಿ' ಅನ್ನೋದು ಸಣ್ಣ ಮಾತಲ್ಲ. ಆದರೆ ಅಮ್ಮನ ಭಯವೂ ಸುಳ್ಳಲ್ಲ. ಮುಸ್ಸಂಜೆಯಲ್ಲಿ ಬಲಕ್ಕೆ ತಿರುಗುವಾಗ, ಹಿಂದಿನಿಂದ ಬಂದ ಬೈಕ್ ಹುಡುಗನೊಬ್ಬ ಕೂದಲೆಳೆಯಲ್ಲಿ ಪಾರಾಗಿದ್ದ. ಅಪ್ಪ ಇಂಡಿಕೇಟರ್ ಹಾಕಿದ್ದರು. ಅದು ಮಿಣುಕಿರಲಿಲ್ಲ, ಮಸುಕಾಗಿ ಉರೀತಾ ಇತ್ತು ಅಷ್ಟೆ.

"ನಾನು ಸರಿ ಮಾಡ್ತೀನಿ" ಅಂದೆ. ಇಂಜಿನಿಯರ್ ಅಲ್ವಾ! ಪೇಟೆಗೆ ಹೋಗಿ ಹೊಸ ಫ್ಲಾಷರ್ ತಂದು ಹಾಕಿದೆ. ಏನೂ ಬದಲಾಗಲಿಲ್ಲ.

ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದ ಅಪ್ಪ ಮೆಲ್ಲಗೆ ಕೇಳಿದ್ರು, "ಎಡಗಡೆ ಸರಿಯಾಗಿ ಮಿಣುಕ್ತಿದೆಯಲ್ಲೋ. ಮತ್ತೆ ಫ್ಲಾಷರ್ ಯಾಕೆ ಬದಲಾಯ್ಸಿದೆ?"

ನಾಚಿಕೆ ಆಯ್ತು. ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳ್ತೀನಿ, ಲಾಗ್ ಓದದೆ ಕೋಡ್ ಮುಟ್ಟಬೇಡಿ ಅಂತ. ಎಡ-ಬಲ ಎರಡಕ್ಕೂ ಫ್ಲಾಷರ್ ಒಂದೇ. ಎಡ ಸರಿ ಇದ್ದರೆ ತೊಂದರೆ ಬಲಗಡೆ ಮಾತ್ರ ಇರೋ ಭಾಗದಲ್ಲಿದೆ. ಬಲ್ಬ್, ಹೋಲ್ಡರ್, ವೈರ್, ಅರ್ತ್.

ಬಲ್ಬ್ ಅದಲುಬದಲು ಮಾಡಿದೆ. ಅದೇ ಕಥೆ. ಆಗ ಅಪ್ಪ, "ಹಿಂದೆ ನಿಂತು ನೋಡು" ಅಂತ ಹೇಳಿ ಬ್ರೇಕ್ ಒತ್ತಿದ್ರು. ಬ್ರೇಕ್ ಲೈಟ್ ಜೊತೆ ಬಲಗಡೆಯ ಇಂಡಿಕೇಟರೂ ಸಣ್ಣಗೆ ಹೊತ್ತಿಕೊಳ್ತು! ಅರ್ತ್ ಕೆಟ್ಟಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕರೆಂಟಿಗೆ ವಾಪಸ್ ಹೋಗೋ ದಾರಿ ಸಿಗದೆ ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗ್ತಿತ್ತು.

ಹಳೇ ಕಾಲದ ಫ್ಲಾಷರ್ ಒಳಗೆ ಬಿಸಿಯಾದರೆ ಬಾಗೋ ಲೋಹದ ಪಟ್ಟಿ ಇರುತ್ತೆ. 12 ವೋಲ್ಟ್ ಬ್ಯಾಟರಿಯಲ್ಲಿ ಎರಡು 21 ವ್ಯಾಟ್ ಬಲ್ಬ್ ಉರಿದರೆ ಸುಮಾರು 3.5 ಆಂಪಿಯರ್ ಹರಿಯುತ್ತೆ, ಪಟ್ಟಿ ಕಾದು ಟಿಕ್ ಟಿಕ್ ಅನ್ನುತ್ತೆ. ತುಕ್ಕು ಹಿಡಿದು ಕರೆಂಟ್ ಕಮ್ಮಿ ಆದ್ರೆ ಪಟ್ಟಿ ಕಾಯಲ್ಲ, ಲೈಟ್ ಸುಮ್ನೆ ಉರೀತಾ ಇರುತ್ತೆ. ಇಂಥ ಕಾರಿಗೆ ಬರೀ ಎಲ್‌ಇಡಿ ಬಲ್ಬ್ ಹಾಕಿದಾಗಲೂ ಇದೇ ಕಾರಣಕ್ಕೆ ಮಿಣುಕದೆ ಇರಬಹುದು.

ಖಾತ್ರಿಗೆ ಹೋಲ್ಡರ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ಉದ್ದ ವೈರ್ ಎಳೆದೆ. ಟಿಕ್, ಟಿಕ್, ಟಿಕ್! ಆಮೇಲೆ ಬ್ಯಾಟರಿ ಕಳಚಿ, ಡಿಕ್ಕಿಯೊಳಗಿನ ಅರ್ತ್ ಸ್ಕ್ರೂ ಬಿಚ್ಚಿದೆ. ನಲವತ್ತು ಮಳೆಗಾಲದ ತುಕ್ಕು. ಲೋಹ ಹೊಳೆಯೋ ತನಕ ಮರಳು ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಹತ್ತು ನಿಮಿಷದ ಕೆಲಸ. ಫ್ಲಾಷರ್ ದುಡ್ಡು ಮಾತ್ರ ದಂಡ.

ಸಂಜೆ ಅಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ ಇಂಡಿಕೇಟರ್ ಹಾಕಿದೆ. "ಕಾಣ್ತಿದ್ಯಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು. ಆಮೇಲೆ ಬಾಗಿಲು ತೆಗೆದು ಕೂತ್ಕೊಂಡು ಅಪ್ಪನಿಗೆ ಹೇಳಿದ್ರು, "ಕಾಣ್ತಿದೆ. ಆದ್ರೂ ತಿರುಗೋವಾಗ ಕೈನೂ ತೋರಿಸಿ."